ಮುತ್ಯಾನ ಮೊಣಕೈ, ಮೊಮ್ಮಗನ ಕೋನಮಾಪಕ

ಮಕ್ಕಳೇ, ಒಂದು ಆಟ ಆಡೋಣ. ಬಲಗೈಯನ್ನು ನೆಟ್ಟಗೆ ಚಾಚಿ. ಈಗ ಮೊಣಕೈ ಮಡಚದೆ ಒಂದು ತುತ್ತು ರೊಟ್ಟಿ ಬಾಯಿಗೆ ಇಟ್ಟುಕೊಳ್ಳಿ. ಆಗಲಿಲ್ಲವಲ್ಲ? ತಲೆ ಬಾಚುವುದು, ಅಂಗಿಯ ಕೊರಳಗುಂಡಿ ಹಾಕುವುದು, ಮುಖ ತೊಳೆಯುವುದು, ಯಾವುದೂ ಆಗದು.

ಮೊಣಕೈಯಲ್ಲಿ ಮೂರು ಎಲುಬುಗಳು ಕೂಡುತ್ತವೆ. ಮೇಲಿನಿಂದ ತೋಳಿನದು ಒಂದು, ಕೆಳಗಿನಿಂದ ಮುಂಗೈಯವು ಎರಡು. ಕೈ ಮಡಚುವುದಕ್ಕೂ ಅಂಗೈ ಮಗುಚುವುದಕ್ಕೂ ಇದೇ ಕೀಲು ಬೇಕು. ಒಳಬದಿಗೆ ಒಂದು ನರ ಚರ್ಮದ ಕೆಳಗೇ ಹಾಯ್ದಿದೆ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನ ತನಕ ಜುಂ ಎನ್ನುತ್ತದಲ್ಲ, ಅದು ಈ ನರಕ್ಕೆ ಪೆಟ್ಟು ಬಿದ್ದದ್ದಕ್ಕೇ.

ನಮ್ಮ ಐಹೊಳೆಯ ಮೇಗುತಿ ಗುಡ್ಡ ನಿಮಗೆ ಗೊತ್ತು, ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇರುವುದು ಅಲ್ಲೇ. ಹೋದ ಮಳೆಗಾಲದಲ್ಲಿ ಅದರ ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದೆ. ಬಲತೋಳಿನ ಎಲುಬಿನ ಕೆಳತುದಿ ನಾಲ್ಕು ಚೂರಾಯಿತು. ಬಾಗಲಕೋಟೆಯಲ್ಲಿ ಡಾಕ್ಟರು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ನೋಡಿ ಆಪರೇಷನ್ ಮಾಡಿದರು. ಆ ನರವನ್ನು ಜೋಪಾನ ಮಾಡಿ, ಕೀಲಿನ ಮುಖ ನುಣುಪಾಗಿ ಕೂಡುವ ಹಾಗೆ ಚೂರುಗಳನ್ನು ಹೊಂದಿಸಿ, ಎರಡು ಲೋಹದ ಪಟ್ಟಿಗಳನ್ನಿಟ್ಟು ಸ್ಕ್ರೂ ಬಿಗಿದರು. ಹಳೆಯ ಗುಡಿಯನ್ನು ಬಿಚ್ಚಿ ಕಟ್ಟುವವರು ಕಲ್ಲಿಗೆ ನಂಬರು ಬರೆದು, ಅದರದರ ಜಾಗದಲ್ಲೇ ಕೂಡಿಸುವುದಿಲ್ಲವೇ, ಹಾಗೆ.

ಆದರೆ ಒಂದು ವ್ಯತ್ಯಾಸ. ಕೂಡಿಸಿದ ಕಲ್ಲು ಅಲುಗಬಾರದು. ಕೂಡಿಸಿದ ಮೊಣಕೈ ಅಲುಗಲೇಬೇಕು. ಕೆಲವೇ ದಿನಕ್ಕೆ ಡಾಕ್ಟರು ಕೈ ಮಡಚಲು ಹೇಳಿದರು. ಏಳನೇ ತರಗತಿಯ ಮೊಮ್ಮಗನಿಗೆ ಆಶ್ಚರ್ಯ.

“ಮುತ್ಯಾ, ಎಲುಬು ಕೂಡಬೇಕಂದ್ರ ಕೈ ಸುಮ್ನ ಇಡಬೇಕಲ್ಲೇನು?”

“ಪಟ್ಟಿ ಗಟ್ಟಿ ಹಿಡಕೊಂಡೈತಿ ಅಂತನ ಅಲುಗಸಾಕ ಹೇಳ್ಯಾರಪಾ. ಸುಮ್ನ ಇಟ್ರ ಕೀಲು ಬಿಗಿದು ಹೋಗತೈತಿ.”

ಅವನು ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದ. ನೆಟ್ಟಗಿನ ಕೈ 0 ಡಿಗ್ರಿ ಎಂದುಕೊಳ್ಳಿ. 30ರಿಂದ 130 ಡಿಗ್ರಿಯವರೆಗೆ ಮಡಚಲು ಬಂದರೆ ದಿನದ ಬಹುತೇಕ ಕೆಲಸ ಸಾಗುತ್ತವೆ. ನನ್ನದು ಶುರುವಿಗೆ 50ರಿಂದ 90 ಮಾತ್ರ. ದಿನಕ್ಕೆ ನಾಲ್ಕು ಸಲ ನಾನು ಮಡಚುವುದು, ಅವನು ಎಣಿಸುವುದು. ಕಣ್ಣಲ್ಲಿ ನೀರು ಬಂದ ದಿನಗಳೂ ಉಂಟು. ಮೂರು ತಿಂಗಳಿಗೆ 125 ಮುಟ್ಟಿತು. ಬಲಗೈಯಿಂದಲೇ ಜೋಳದ ರೊಟ್ಟಿ ತಿಂದೆ. ಕೈ ಪೂರ್ತಿ ನೆಟ್ಟಗಾಗಿಲ್ಲ, ಅದಿಲ್ಲದೆಯೂ ನಡೆಯುತ್ತದೆ.

ಮಕ್ಕಳ ಮಾತು ಬೇರೆ. ಚಾಚಿದ ಕೈಯ ಮೇಲೆ ಬಿದ್ದು ಮೊಣಕೈಯ ತುಸು ಮೇಲೆ ಎಲುಬು ಮುರಿಯುವುದು 5ರಿಂದ 7 ವರ್ಷದವರಲ್ಲಿ ಹೆಚ್ಚು. ಎಲುಬು ಸರಿದಿದ್ದರೆ ತೆಳು ತಂತಿ ಹಾಕಿ ಹಿಡಿಸುತ್ತಾರೆ. ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ತೆಗೆಯುತ್ತಾರೆ. ಆಮೇಲೆ ಆಡುತ್ತ ಆಡುತ್ತ ಕೈ ಸಡಿಲಾಗುತ್ತದೆ.

ಹಿರಿಯರಿಗೆ ಎರಡು ಮಾತು. ಪೆಟ್ಟಾದ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲು ಬಿಗಿಯಬಹುದು. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಬೇಡಿ. ರಕ್ತ ಹರಿಯದೆ ಬೆರಳು ಕೊಕ್ಕೆಯಂತೆ ಸೊಟ್ಟಗಾಗಬಹುದು. ಕೈ ಇದ್ದ ಹಾಗೆಯೇ ಬಟ್ಟೆಯಲ್ಲಿ ಆನಿಸಿಕೊಂಡು ಆಸ್ಪತ್ರೆಗೆ ಹೋಗಿ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಇದ್ದರೆ ಬೆಳಗಾಗುವ ತನಕ ಕಾಯಬೇಡಿ.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಇಂಥ ಆಪರೇಷನ್ ಆಗಿದ್ದರೆ ಎಣಿಸುವ ಕೆಲಸ ನಿಮ್ಮದು. “ಇವತ್ತು ಬ್ಯಾಡ” ಅಂದರೂ ಬಿಡಬೇಡಿ. ಕೈ ಹಿಡಿದು ಎಳೆಯುವುದು ಮಾತ್ರ ಬೇಡ, ಮಡಚುವವರು ಅವರೇ.