ಬ್ರೇಕಿಗೊಂದು ಸ್ಕೇಲು

ಹೂವಿನಹಡಗಲಿಯಿಂದ ಏಳನೇ ತರಗತಿಯ ಹುಡುಗನೊಬ್ಬ ಕಾರ್ಡು ಬರೆದಿದ್ದಾನೆ. "ಅಜ್ಜಾರೇ, ನೀವು ಬರೇ ಹಳೇ ಕಾಲದ್ದೇ ಬರೀತೀರಿ. ಈ ವರ್ಷದ್ದು ಏನಾದರೂ ಬರೀರಿ" ಅಂತ. ಮಾತು ಸರಿ. ಈ ವಾರ ಈ ವರ್ಷದ್ದೇ ಬರೆಯುತ್ತೇನೆ. ಆದರೆ ಮುದುಕರ ಗಾಡಿ ಸ್ವಲ್ಪ ಹಿಂದಕ್ಕೆ ತಳ್ಳಿದರೇನೇ ಸ್ಟಾರ್ಟ್ ಆಗೋದು. ಆ ಹುಡುಗ ಎರಡು ಪ್ಯಾರಾ ಸಹಿಸಿಕೊಳ್ಳಬೇಕು.

ನಾನು ಹಡಗಲಿಯ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಬ್ಯಾಂಕಿನ ಸಾಲ ತೆಗೆದು ಒಂದು ಸೆಕೆಂಡ್ ಹ್ಯಾಂಡ್ ಯೆಜ್ದಿ ಕೊಂಡೆ. ಮಕ್ಕಳೇ, ಅದು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. ಐಡಿಯಲ್ ಜಾವಾ ಎಂಬ ಕಾರ್ಖಾನೆ 1961ರಲ್ಲಿ ಅಲ್ಲಿ ಮೋಟಾರ್ ಸೈಕಲ್ ಮಾಡಲು ಶುರು ಮಾಡಿತು. ಮೊದಲು ಜಾವಾ, ಆಮೇಲೆ ಯೆಜ್ದಿ ಅಂತ ಹೆಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಗಾಡಿಗೆ ಒಂದು ವಿಚಿತ್ರ ಇತ್ತು: ಕಿಕ್ ಹೊಡೆಯುವ ಸರಳೂ ಗೇರ್ ಹಾಕುವ ಸರಳೂ ಒಂದೇ. ಕಿಕ್ ಹೊಡೆದು ಸ್ಟಾರ್ಟ್ ಆದ ಮೇಲೆ ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಿತ್ತು. ಬಜಾಜ್ ಸ್ಕೂಟರ್ ಕೊಳ್ಳೋಣವೆಂದರೆ ಆಗ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಬುಕ್ ಮಾಡಿದ ಅಪ್ಪನ ಬದಲು ಮಗ ಹೋಗಿ ಗಾಡಿ ತಂದ ಮನೆಗಳುಂಟು.

ಯೆಜ್ದಿ ಕೆಟ್ಟರೆ ಬಸ್ ಸ್ಟ್ಯಾಂಡಿನ ಹಿಂದಿನ ಬೇವಿನ ಮರದ ಕೆಳಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಮೆಕ್ಯಾನಿಕ್ ಸಾಹೇಬರು. ಅವರು ಗಾಡಿಯ ಹೊಟ್ಟೆ ಬಿಚ್ಚಿದರೆ ನಾವು ಎದುರಿಗೇ ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆವು. ಯಾವ ನಟ್ಟು ಬಿಚ್ಚಿದರು, ಯಾವುದನ್ನು ಹಾಕಿದರು, ಯಾವುದು ಉಳಿಯಿತು ಎಲ್ಲ ಕಣ್ಣೆದುರಿಗೆ. ಕಡೆಗೆ ಅವರೇ ಗಾಡಿ ಏರಿ ಊರ ಬಾಗಿಲತನಕ ಒಂದು ಸುತ್ತು ಹೊಡೆದು ಬಂದು, "ತಗೊಳ್ರಿ" ಅನ್ನೋರು. ಬಿಲ್ಲು ಇಲ್ಲ, ರಸೀದಿ ಇಲ್ಲ. ಬಿ.ಕಾಂ. ಓದಿದ ನನಗೆ ಅದೊಂದೇ ಕೊರತೆ ಅನ್ನಿಸುತ್ತಿತ್ತು.

ಈಗ ಬಿಲ್ಲು ಉಂಟು. ಮೂರು ಪುಟ ಉಂಟು.

ಈ ವರ್ಷ ಮಗ ನನಗೊಂದು ಸ್ಕೂಟರ್ ಕೊಡಿಸಿದ. ಸೆಲ್ಫ್ ಸ್ಟಾರ್ಟ್, ಗೇರಿಲ್ಲ, ವಯಸ್ಸಾದವರಿಗೆ ಅನುಕೂಲ. ಕೆಎ 35 ನಂಬರು. ಅಂದಹಾಗೆ ಹರಪನಹಳ್ಳಿಯ ಕಡೆ ಹೋದರೆ ಇನ್ನೂ ಕೆಎ 17 ಗಾಡಿಗಳು ಕಾಣುತ್ತವೆ. 1997ರಲ್ಲಿ ಆ ತಾಲೂಕು ದಾವಣಗೆರೆ ಜಿಲ್ಲೆಗೆ ಸೇರಿತ್ತಲ್ಲ, ಅದರ ಗುರುತು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಈಗ ನಾವು ಆರೂ ತಾಲೂಕಿನವರು ಒಂದೇ ಜಿಲ್ಲೆ. ಜಿಲ್ಲೆ ಬದಲಾದರೂ ನಂಬರ್ ಪ್ಲೇಟ್ ಬದಲಾಗಲಿಲ್ಲ.

ದೀಪಾವಳಿ ಮುಗಿದ ಮೇಲೆ ಮೂರನೇ ಉಚಿತ ಸರ್ವಿಸ್ ಬಂತು. ಷೋರೂಮು ಇರುವುದು ದೂರದ ದೊಡ್ಡ ಊರಿನಲ್ಲಿ. ಹೆಸರು ಬೇಡ. ಶನಿವಾರ ಅರ್ಧ ದಿನ ಶಾಲೆ, ಹಾಗಾಗಿ ಆರನೇ ತರಗತಿಯ ನನ್ನ ಮೊಮ್ಮಗಳೂ ಹೊರಟಳು. ಐಸ್‌ಕ್ರೀಮಿನ ಒಪ್ಪಂದ ಆಗಿತ್ತು. ಆಕೆಯ ತಲೆಗೂ ಹೆಲ್ಮೆಟ್ ಹಾಕಿದೆ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಅದು ಕಡ್ಡಾಯ, ಹಿಂದೆ ಕೂತವರಿಗೂ ಕೂಡ. ಅಷ್ಟನ್ನು ಆ ದಿನ ನಾನು ಸರಿಯಾಗಿ ಮಾಡಿದ್ದೆ.

ಗಾಜಿನ ಬಾಗಿಲು, ತಣ್ಣನೆ ಗಾಳಿ, ಕಾಗದದ ಲೋಟದಲ್ಲಿ ಕಾಫಿ. ಒಬ್ಬ ಹುಡುಗ ಜಾಬ್ ಕಾರ್ಡು ಬರೆದ: ಎಷ್ಟು ಕಿಲೋಮೀಟರ್ ಓಡಿದೆ, ಪೆಟ್ರೋಲು ಎಷ್ಟಿದೆ, ಏನು ದೂರು. ಹಿಂದಿನ ಚಕ್ರದಲ್ಲಿ ಕಿರ್ ಅನ್ನುತ್ತದೆ ಅಂದೆ. ಬರೆದುಕೊಂಡ. ಆಮೇಲೆ ಗಾಡಿ ಒಂದು ದೊಡ್ಡ ಬಾಗಿಲೊಳಗೆ ಹೋಯಿತು. ಆ ಬಾಗಿಲ ಮೇಲೆ "ಗ್ರಾಹಕರಿಗೆ ಪ್ರವೇಶವಿಲ್ಲ" ಅಂತ ಬೋರ್ಡು. ಬೇವಿನ ಮರದ ಕಲ್ಲು ನೆನಪಾಯಿತು.

ಮೂರು ತಾಸಿನ ಮೇಲೆ ಬಿಲ್ಲು ಕೈಗೆ ಬಂತು. ಉಚಿತ ಸರ್ವಿಸ್ ಅಂದರೆ ಕೂಲಿ ಮಾತ್ರ ಉಚಿತ. ಎಂಜಿನ್ ಎಣ್ಣೆ, ಸವೆದ ಸಾಮಾನು ಇವಕ್ಕೆ ದುಡ್ಡು ಕೊಡಲೇಬೇಕು. ಅದು ನನಗೆ ಗೊತ್ತಿತ್ತು. ಆದರೆ ಮಧ್ಯದಲ್ಲಿ ಒಂದು ಸಾಲು: ಪಾಲಿಶ್, 250 ರೂಪಾಯಿ. ಅದರ ಮೇಲೆ ಶೇಕಡಾ 9 ಕೇಂದ್ರದ್ದು, 9 ರಾಜ್ಯದ್ದು, ಒಟ್ಟು 45 ರೂಪಾಯಿ ಜಿಎಸ್‌ಟಿ. ನಾನು ಪಾಲಿಶ್ ಕೇಳಿಯೇ ಇರಲಿಲ್ಲ. "ಎಲ್ಲರಿಗೂ ಮಾಡ್ತೀವ್ರಿ ಅಜ್ಜಾರೇ" ಅಂದ ಹುಡುಗ. ಕೇಳದ್ದನ್ನು ಮಾಡಿ ದುಡ್ಡು ಕೇಳುವ ಹಾಗಿಲ್ಲ, ಜಾಬ್ ಕಾರ್ಡಿನಲ್ಲಿ ಎಲ್ಲಿದೆ ತೋರಿಸು ಅಂದೆ. ಇಪ್ಪತ್ತು ನಿಮಿಷ ವಾದ ನಡೆಯಿತು. ಕಡೆಗೆ 295 ರೂಪಾಯಿ ಕಳೆದು ಹೊಸ ಬಿಲ್ಲು ಕೊಟ್ಟರು. ಕೂಡಿ ನೋಡಿದೆ, ತಾಳೆ ಆಯಿತು. ತೋರಿಸಿದ ಕಡೆ ಸಹಿ ಹಾಕಿ, ಯುದ್ಧ ಗೆದ್ದವನ ಹಾಗೆ ಹೊರಗೆ ಬಂದೆ.

ಊರು ದಾಟುವಾಗಲೇ ಎಡಗೈ ಬ್ರೇಕು ಮೆತ್ತಗೆ ಅನ್ನಿಸಿತ್ತು. ಇದನ್ನು ಬಚ್ಚಿಡುವುದಿಲ್ಲ. ಅನ್ನಿಸಿತ್ತು. ಈಗಷ್ಟೇ ಸರ್ವಿಸ್ ಆಗಿದೆಯಲ್ಲ, ಹಾಗೇ ಇರುತ್ತದೇನೋ ಅಂದುಕೊಂಡೆ. ತಲೆ ತುಂಬ 295 ರೂಪಾಯಿ ಇತ್ತು. ಹಿಂದೆ ಕೂತ ಮೊಮ್ಮಗಳಿಗೆ ನಾನು ಹೇಗೆ ವಾದ ಮಾಡಿದೆ ಎಂಬುದನ್ನು ಎರಡನೇ ಸಲ ಹೇಳುತ್ತಿದ್ದೆ.

ನಮ್ಮ ಕಡೆ ಆ ದಿನಗಳಲ್ಲಿ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳದ್ದು, ಉಳಿದರ್ಧ ವಾಹನದ್ದು. ಒಂದು ತಿರುವಿನಲ್ಲಿ ಆ ಉಳಿದ ಅರ್ಧಕ್ಕೂ ಕುರಿ ಹಿಂಡು ಬಂತು. ಎಡಗೈ ಹಿಡಿಕೆ ಒತ್ತಿದೆ. ಅದು ಹ್ಯಾಂಡಲಿಗೆ ಹೋಗಿ ತಾಗಿತು, ಗಾಡಿ ನಿಲ್ಲಲಿಲ್ಲ. ಬಲಗೈಯದನ್ನು ಜೋರಾಗಿ ಒತ್ತಿದೆ, ಅಷ್ಟರಲ್ಲಿ ಮುಂದಿನ ಚಕ್ರ ಜೋಳದ ಕಾಳಿನ ಮೇಲೆ ಬಂದಿತ್ತು. ಜಾರಿತು. ಇಬ್ಬರೂ ಜೋಳದ ರಾಶಿಯ ಮೇಲೆ ಬಿದ್ದೆವು. ಕುರಿಗಳು ತಮ್ಮ ಪಾಡಿಗೆ ದಾಟಿ ಹೋದವು.

ಜೋಳ ಹರಡಿದ್ದ ಹೆಣ್ಣುಮಗಳು ಓಡಿ ಬಂದು ಮೊದಲು ಮಗುವನ್ನು ಎತ್ತಿದರು, ನೀರು ಕುಡಿಸಿದರು, ಆಮೇಲೆ ನನಗೆ ಬೈದರು. "ಏನ್ ಯಜಮಾನ್ರೇ, ಕೂಸನ್ನ ಹಿಂದೆ ಕುಂದ್ರಿಸ್ಕೊಂಡು ಹಿಂಗ ಓಡಿಸ್ತಾರೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಮ್ಮಗಳ ಹೆಲ್ಮೆಟ್ಟಿನ ಮೇಲೆ ಉದ್ದಕ್ಕೂ ಗೀರು ಬಿದ್ದಿತ್ತು. ಆ ಗೀರನ್ನು ನೋಡಿ ನನ್ನ ಕಾಲು ನಡುಗತೊಡಗಿದವು, ಅಲ್ಲೇ ಕೂತುಬಿಟ್ಟೆ. ಆಕೆ ಅಳಲಿಲ್ಲ. ಎಡ ಮುಂಗೈ ಹಿಡಿದುಕೊಂಡು ಕೇಳಿದಳು: "ಅಜ್ಜಾ, ಬ್ರೇಕ್ ಇಲ್ಲದ ಗಾಡೀನ ಅವರು ಯಾಕ ಕೊಟ್ರು?"

ಮುಂದಿನ ಊರಿನ ಪಂಕ್ಚರ್ ಅಂಗಡಿಯವನು ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿ ನಕ್ಕ. ಬ್ರೇಕಿನ ತಂತಿಯನ್ನು ಬಿಗಿ ಮಾಡುವ ನಟ್ಟು ಕೊನೆಯ ಎಳೆಗೆ ಬಂದು ಕೂತಿತ್ತು. ಕಿರ್ ಸದ್ದಿಗೆ ಅಂತ ಚಕ್ರ ಬಿಚ್ಚಿ ಬ್ರೇಕ್ ಶೂ ಒರೆಸಿದ್ದಾರೆ, ತಿರುಗಿ ಜೋಡಿಸುವಾಗ ನಟ್ಟು ಬಿಗಿ ಮಾಡಲು ಮರೆತಿದ್ದಾರೆ. ಹತ್ತು ಸುತ್ತು ತಿರುಗಿಸಿದ, ಸರಿಯಾಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಮೊಮ್ಮಗಳ ಕೈ ಮುರಿದಿರಲಿಲ್ಲ, ಉಳುಕಿತ್ತು. ಎಕ್ಸ್‌ರೇ, ಪಟ್ಟಿ, ಮಾತ್ರೆ ಸೇರಿ 860 ರೂಪಾಯಿ. 295 ಜಮಾ, 860 ಖರ್ಚು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಸೋಮವಾರ ಷೋರೂಮಿಗೆ ಹೋದೆವು, ಬಸ್ಸಿನಲ್ಲಿ. ನಾನು ಬ್ಯಾಂಕಿನ ರೀತಿ ಕಾಗದ ಬರೆದಿದ್ದೆ: ತಾರೀಕು, ಜಾಬ್ ಕಾರ್ಡ್ ನಂಬರು, ನಡೆದದ್ದು, ಎರಡು ಪ್ರತಿ. ಒಂದರ ಮೇಲೆ "ತಲುಪಿದೆ" ಅಂತ ಸೀಲು ಹಾಕಿಸಿಕೊಂಡೆ. ಹಿರಿಯರು ಇದನ್ನು ಮರೆಯಬಾರದು. ಬಾಯಿಮಾತಿನ ದೂರು ಕೌಂಟರ್ ದಾಟುವುದಿಲ್ಲ. ಕಾಗದಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಮೇಲೆ ಗ್ರಾಹಕರ ಆಯೋಗ ಇದೆ. 1986ರ ಕಾಯಿದೆಯ ಜಾಗದಲ್ಲಿ 2019ರ ಕಾಯಿದೆ ಬಂದ ಮೇಲೆ ನಾವು ವಾಸವಿರುವ ಕಡೆಯೇ ದೂರು ಕೊಡಬಹುದು. ವಕೀಲರು ಬೇಕೇ ಬೇಕೆಂದಿಲ್ಲ.

ಮ್ಯಾನೇಜರು ಕಾಗದ ಓದಿ, ಏನೂ ಹೇಳದೆ ನನ್ನ ಜಾಬ್ ಕಾರ್ಡು ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ವಾಹನವನ್ನು ಓಡಿಸಿ ನೋಡಿ, ತೃಪ್ತನಾಗಿ ಪಡೆದಿದ್ದೇನೆ." ಕೆಳಗೆ ನನ್ನದೇ ಸಹಿ, ದುಂಡಗೆ. ಮೂವತ್ತೈದು ವರ್ಷ ಕೌಂಟರಿನ ಆಚೆ ಕೂತು, ಓದದೆ ಸಹಿ ಹಾಕಬೇಡಿ ಅಂತ ಎಷ್ಟು ರೈತರಿಗೆ ಹೇಳಿದ್ದೇನೋ! ಮೊಮ್ಮಗಳು ಆ ಸಾಲನ್ನು ಜೋರಾಗಿ ಓದಿ ನನ್ನ ಮುಖ ನೋಡಿದಳು.

ಆದರೆ ಅದರ ಮೇಲಿನ ಸಾಲನ್ನೂ ನಾನು ಓದಿದೆ. "ಕೆಲಸ ಮಾಡಿದವರು" ಎದುರಿಗೆ ಒಂದು ಸಹಿ, "ಅಂತಿಮ ತಪಾಸಣೆ" ಎದುರಿಗೆ ಅದೇ ಸಹಿ. ಯಾರದು ಅಂತ ಕೇಳಿದ್ದಕ್ಕೆ ಒಳಗಿನಿಂದ ಒಬ್ಬ ಹುಡುಗನನ್ನು ಕರೆದರು. ಹರಪನಹಳ್ಳಿ ಕಡೆಯ ಒಂದು ತಾಂಡಾದವನು, ಐಟಿಐ ಮುಗಿಸಿ ಎಂಟು ತಿಂಗಳಾಗಿದೆ. ಆ ಶನಿವಾರ ಅವನ ಪಾಲಿಗೆ ಹನ್ನೊಂದು ಗಾಡಿ ಬಂದಿದ್ದವಂತೆ. ಮೊಮ್ಮಗಳ ಕೈಯ ಪಟ್ಟಿ ನೋಡಿ ಅವನ ಮುಖ ಬಿಳಿಚಿತು. "ಇವನನ್ನ ಇವತ್ತೇ ಬಿಡಿಸ್ತೀವ್ರಿ, ನೀವು ಕಾಗದ ವಾಪಸ್ ತಗೊಳ್ರಿ" ಅಂದರು ಮ್ಯಾನೇಜರು.

ಇದು ನನಗೆ ಬೇಕಾಗಿರಲಿಲ್ಲ. ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರನ್ನು ಅವನೇ ಪಾಸ್ ಮಾಡುವ ಹಾಗಿರಲಿಲ್ಲ. ಒಬ್ಬ ಬರೆಯಬೇಕು, ಇನ್ನೊಬ್ಬ ನೋಡಬೇಕು. ನಮ್ಮ ಮೇಲೆ ಅಪನಂಬಿಕೆ ಅಂತಲ್ಲ. ದಣಿದ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ ಅಂತ. ಹುಡುಗನನ್ನು ಬಿಡಿಸಬೇಡಿ, ಅಂತಿಮ ತಪಾಸಣೆಗೆ ಬೇರೆಯವರನ್ನು ಇಡಿ, ಅದನ್ನು ಬರೆದು ಕೊಡಿ, ಆಗ ನನ್ನ ಕಾಗದ ಮುಗಿದಂತೆ ಅಂದೆ. ಬರೆದು ಕೊಟ್ಟರು. ನಡೆಸುತ್ತಾರೋ ಇಲ್ಲವೋ ಮುಂದಿನ ಸರ್ವಿಸ್ಸಿನಲ್ಲಿ ಆ ಎರಡು ಸಾಲು ನೋಡಿದರೆ ತಿಳಿಯುತ್ತದೆ. ಆಸ್ಪತ್ರೆಯ ದುಡ್ಡು ಕೊಡಲು ಬಂದರು, ಅದನ್ನು ತೆಗೆದುಕೊಂಡೆ. ಬಿಡುವುದೇಕೆ?

ಹೊರಡುವಾಗ ಆ ಹುಡುಗ ಮೊಮ್ಮಗಳನ್ನು ಒಂದು ಗಾಡಿಯ ಹತ್ತಿರ ಕರೆದೊಯ್ದು ಒಂದು ಪಾಠ ಹೇಳಿಕೊಟ್ಟ. ಬ್ರೇಕಿನ ಹಿಡಿಕೆಯ ತುದಿ ಎಷ್ಟು ದೂರ ಸಡಿಲವಾಗಿ ಬರುತ್ತದೆ, ಎಲ್ಲಿಂದ ಹಿಡಿಯಲು ಶುರುವಾಗುತ್ತದೆ, ಅದನ್ನು ಅಳೆಯಬೇಕು. ಒಂದರಿಂದ ಎರಡು ಸೆಂಟಿಮೀಟರ್ ಇದ್ದರೆ ಸರಿ. ಹೆಚ್ಚಿದ್ದರೆ ನಟ್ಟು ಬಿಗಿ ಮಾಡಿಸಬೇಕು, ತೀರಾ ಕಡಿಮೆ ಇದ್ದರೆ ಬ್ರೇಕು ಚಕ್ರವನ್ನು ಹಿಡಿದೇ ಇರುತ್ತದೆ. "ಸ್ಕೇಲ್ ಇಟ್ಟು ನೋಡವ್ವಾ" ಅಂದ.

ಈಗ ಪ್ರತಿ ಭಾನುವಾರ ನಮ್ಮ ಕಟ್ಟೆಯ ಮುಂದೆ ತಪಾಸಣೆ ನಡೆಯುತ್ತದೆ. ನಾನು ಹಿಡಿಕೆ ಒತ್ತಬೇಕು, ಆಕೆ ಸ್ಕೇಲು ಹಿಡಿಯುತ್ತಾಳೆ. ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ, ಎರಡು ಸಹಿ. ಹೋದ ವಾರ ಎರಡೂವರೆ ಸೆಂಟಿಮೀಟರ್ ಬಂತು. ಬೀಗದ ಕೈ ಆಕೆಯ ಕಂಪಾಸ್ ಬಾಕ್ಸಿನಲ್ಲಿದೆ, ನಾನು ಪೇಟೆಗೆ ನಡೆದು ಹೋಗುತ್ತಿದ್ದೇನೆ.