ಸೀಸೆಯೊಳಗೇನಿದೆ, ಬರೆದು ಕೊಡಿ

ಅಣ್ಣಿಗೇರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಬ್ಲೌಸು, ಚೂಡಿದಾರ್, ಫಾಲ್, ಪಿಕೊ ಹೊಟ್ಟೆಪಾಡಿನ ಕೆಲಸ. ಮನಸ್ಸಿಗೆ ಹಿಡಿಸಿದ ಕೆಲಸ ಇನ್ನೊಂದಿದೆ, ನೇಲ್ ಪಾಲಿಶ್. ಹೊಸ ಬಣ್ಣ ಕಂಡರೆ ತರುತ್ತೇನೆ, ಹಚ್ಚುತ್ತೇನೆ. ಎಷ್ಟು ದಿನ ಉಳಿಯಿತು, ಮೊದಲು ಎಲ್ಲಿ ಎದ್ದಿತು, ಟ್ಯೂಬ್‌ಲೈಟಿನಲ್ಲಿ ಹೇಗಿತ್ತು, ಬಿಸಿಲಿಗೆ ಹೇಗೆ ಕಂಡಿತು, ತೆಗೆದ ಮೇಲೆ ಉಗುರು ಹಳದಿಗಟ್ಟಿತೋ ಹೇಗೆ ಎಂದೆಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಪ್ರತಿ ಪುಟದ ಅಂಚಿಗೆ ಆ ಬಣ್ಣದ್ದೇ ಒಂದು ಗೆರೆ.

ಅಳತೆ ಕೊಡಲು ಬಂದವರು ಆ ನೋಟ್‌ಬುಕ್ಕನ್ನು ತಿರುವಿ ಹಾಕುತ್ತಾರೆ. ನಾಗರ ಪಂಚಮಿ ಹತ್ತಿರ ಬಂತೆಂದರೆ, ತವರಿಗೆ ಹೊರಟ ಹೆಣ್ಣುಮಕ್ಕಳ ಪ್ರಶ್ನೆ ಒಂದೇ: "ಅಕ್ಕಾರ, ಈ ಸಲ ಯಾವ್ ಬಣ್ಣ ತಗೋಳ್ರಿ? ಭಾಂಡೆ ತಿಕ್ಕಿದ್ರೂ ಹೋಗಬಾರ್ದು ನೋಡ್ರಿ." ಈ ಪ್ರಶ್ನೆಗೆ ಉತ್ತರ ಕೊಡುವ ಜಾಹೀರಾತನ್ನು ನಾನು ಎಲ್ಲಿಯೂ ಕಂಡಿಲ್ಲ. ಜಾಹೀರಾತಿನ ಕೈ ಭಾಂಡೆ ತಿಕ್ಕುವುದಿಲ್ಲ.

ಇದನ್ನು ಶೋಕಿ ಎಂದು ತಳ್ಳಿಹಾಕುವವರು ನಮ್ಮ ಜಿಲ್ಲೆಯನ್ನೇ ಒಮ್ಮೆ ನೋಡಬೇಕು. ಕಲಘಟಗಿಯ ತೊಟ್ಟಿಲು ಹೆಸರಾದದ್ದೇ ಅರಗಿನ ಬಣ್ಣದಿಂದ. ಕೂಸು ಬೆಳೆದು ಅದರ ಕೂಸು ಮಲಗಿದರೂ ಆ ಬಣ್ಣ ಮಾಸುವುದಿಲ್ಲ ಎಂದೇ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನವಲಗುಂದದ ಜಮಖಾನ ನೇಯುವವರು ಹೆಂಗಸರು. ಯಾವ ಕೆಂಪಿನ ಪಕ್ಕ ಯಾವ ಹಳದಿ ಬರಬೇಕು, ನವಿಲಿನ ಕೊರಳಿಗೆ ಎಷ್ಟು ನೀಲಿ ಎಂಬ ಲೆಕ್ಕ ಅವರ ಕೈಯಲ್ಲಿದೆ. ಆ ಜಮಖಾನಕ್ಕೆ ಸರ್ಕಾರದ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಹೆಂಗಸರು ಮಗ್ಗದ ಮುಂದೆ ಕೂತು ಬಣ್ಣ ಆರಿಸಿದರೆ ಕಲೆ, ತಮ್ಮ ಬೆರಳಿಗೆ ಆರಿಸಿಕೊಂಡರೆ ಶೋಕಿ. ಈ ಭೇದವನ್ನು ನಾನು ಒಪ್ಪುವುದಿಲ್ಲ.

ಉಗುರುಬಣ್ಣವನ್ನು ತೂಗಿ ನೋಡಲು ಹೊಲದಲ್ಲಿ, ಅಡುಗೆಮನೆಯಲ್ಲಿ ದುಡಿಯುವ ಕೈಗಿಂತ ಒಳ್ಳೆಯ ಜಾಗ ಇಲ್ಲ. ಕಾರಣ ಇಷ್ಟೇ. ಉಗುರು ನೀರು ಕುಡಿಯುತ್ತದೆ. ಬಟ್ಟೆ ಒಗೆಯುವಾಗ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಬಣ್ಣದ ಪದರಕ್ಕೆ ಅಷ್ಟು ಹಿಗ್ಗುವ ಗುಣ ಇಲ್ಲ, ಆದ್ದರಿಂದ ಸೀಳುತ್ತದೆ, ತುದಿಯಿಂದ ಏಳುತ್ತದೆ. ಹತ್ತಿ ಬಿಡಿಸುವಾಗ ಬೇರೆ ತಾಪತ್ರಯ. ಒಣಗಿದ ಕಾಯಿಯ ಚೂಪು ಮೊನೆಗಳು ಉಗುರಿನ ಅಂಚನ್ನೇ ಕೆರೆಯುತ್ತವೆ. ನಮ್ಮೂರ ಹೆಸರಿನ ತಳಿಯೇ ಇರುವ ಕಡಲೆಯ ಹೊಲದಲ್ಲಿ, ಎಲೆ ಮೇಲಿನ ಹುಳಿಗೆ ಬೆರಳ ಸಂದಿ ಉರಿಯುತ್ತದೆ. ಬಣ್ಣ ಆ ಹುಳಿಗೆ ಜಗ್ಗುವುದಿಲ್ಲ, ಎರೆಮಣ್ಣು ತಿಕ್ಕಿ ತಿಕ್ಕಿ ಹೊಳಪು ಮಾತ್ರ ಹೋಗುತ್ತದೆ. ಹತ್ತಿಯ ಹೊಲದಲ್ಲಿ ಗೆದ್ದ ಬಣ್ಣ ಬಟ್ಟೆ ಒಗೆಯುವಲ್ಲಿ ಸೋತದ್ದಿದೆ. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ನೀರಿನ ಕೆಲಸ, ಒಣ ಕೆಲಸ ಎಂದು ಎರಡು ಸಾಲು ಬೇರೆ ಬೇರೆ. ಎರಡರಲ್ಲೂ ನಿಂತದ್ದು ಕಡಿಮೆ. ನಿಂತವೆಲ್ಲ ತೆಳ್ಳಗೆ ಎರಡು ಸಲ ಹಚ್ಚಿ, ಎರಡರ ನಡುವೆ ಚೆನ್ನಾಗಿ ಆರಲು ಬಿಟ್ಟು, ಉಗುರಿನ ತುದಿಯಂಚಿಗೂ ಬ್ರಶ್ ಸವರಿದವು. ದಪ್ಪಗೆ ಒಮ್ಮೆಲೇ ಬಳಿದದ್ದು ಎಷ್ಟು ದುಬಾರಿ ಕಂಪನಿಯದಾದರೂ ಬೇಗ ಏಳುತ್ತದೆ.

ರೊಟ್ಟಿ ವಿಷಯ ಬರದೆ ಇರುವುದಿಲ್ಲ. "ರೊಟ್ಟಿ ಬಡಿಯೋ ಕೈಗೆ ಬಣ್ಣ ಯಾಕ ಬೇಕವಾ?" ಎಂದು ಹಿರಿಯರು ಕೇಳುವುದರಲ್ಲಿ ಅರ್ಧ ನ್ಯಾಯ ಇದೆ. ಚಕ್ಕೆ ಎದ್ದ ಬಣ್ಣ ಬಿಸಿನೀರಿನ ಹಿಟ್ಟಿನಲ್ಲಿ ಸೇರಬಾರದು. ಎದ್ದಿದೆ ಎಂದು ಕಂಡ ದಿನವೇ ಪೂರ್ತಿ ತೆಗೆದುಬಿಡಬೇಕು. ಬ್ಲೇಡಿನಿಂದ ಕೆರೆಯಬೇಡಿ, ಉಗುರಿನ ಪದರವೇ ಹೋಗುತ್ತದೆ. ರಿಮೂವರ್ ಇಲ್ಲದಿದ್ದರೆ ಹಳೆಯ ಬಣ್ಣದ ಮೇಲೆ ಹೊಸದನ್ನು ಹಚ್ಚಿ, ಆರುವ ಮೊದಲೇ ಅರಳೆಯಿಂದ ಒರೆಸಿದರೆ ಎರಡೂ ಬರುತ್ತವೆ. ಹೊಸ ಬಣ್ಣದಲ್ಲಿರುವ ದ್ರಾವಕವೇ ಹಳೆಯದನ್ನು ಕರಗಿಸುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಒಲೆಯ ಹತ್ತಿರ ಕೂತು ಬಣ್ಣ ಹಚ್ಚಬೇಡಿ, ಬೇಗ ಆರಲಿ ಎಂದು ಕೈಯನ್ನು ಉರಿಗೆ ಹಿಡಿಯಲೇಬೇಡಿ. ಸೀಸೆಯಲ್ಲಿರುವುದು ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತು.

ಆ ವಸ್ತುವಿನ ಕಥೆ ನಮ್ಮ ಸೀಮೆಯವರು ಕೇಳಬೇಕಾದದ್ದು. ಸಾಮಾನ್ಯ ನೇಲ್ ಪಾಲಿಶ್ಶಿನ ಜೀವಾಳ ನೈಟ್ರೋಸೆಲ್ಯುಲೋಸ್. ಹತ್ತಿ ಅಥವಾ ಮರದ ನಾರಿಗೆ ನೈಟ್ರಿಕ್ ಆಮ್ಲ ಸೇರಿಸಿ ಅದನ್ನು ಮಾಡುತ್ತಾರೆ. ಇದೇ ಜಾತಿಯ ವಸ್ತು ಬಂದೂಕಿನ ಮದ್ದಿಗೂ ಹೋಗಿದೆ, 1920ರ ದಶಕದಲ್ಲಿ ಮೋಟಾರು ಕಾರುಗಳ ಬಣ್ಣಕ್ಕೂ ಹೋಗಿದೆ. ಇದನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿಸಿ, ಗಟ್ಟಿ ಹಿಡಿಯಲು ರಾಳ, ಬಾಗಲು ಒಂದು ಮೆದುಕಾರಕ, ಮೇಲೆ ಬಣ್ಣದ ಪುಡಿ ಸೇರಿಸುತ್ತಾರೆ. ದ್ರಾವಕ ಹಾರಿಹೋದ ಮೇಲೆ ಉಗುರಿನ ಮೇಲೆ ಉಳಿಯುವ ತೆಳುವಾದ ಪದರವೇ ನಾವು ನೋಡುವ ಬಣ್ಣ. ಬೇಸಿಗೆಯಲ್ಲಿ ಮುಚ್ಚಳ ಸಡಿಲಿದ್ದರೆ ಸೀಸೆಯೊಳಗಿನದು ಬೆಲ್ಲದ ಪಾಕದಷ್ಟು ಗಟ್ಟಿಯಾಗುವುದು ದ್ರಾವಕ ಹಾರಿದ್ದರಿಂದಲೇ.

ನನ್ನ ತವರು ಕುಂದಗೋಳ ತಾಲ್ಲೂಕು, ಬ್ಯಾಡಗಿ ಮೆಣಸಿನಕಾಯಿಯ ನಾಡು. ಅಲ್ಲಿ ಕಾಯಿಯ ಬೆಲೆ ನಿಲ್ಲುವುದು ಖಾರದ ಮೇಲಲ್ಲ, ಬಣ್ಣದ ಮೇಲೆ. ಸುಗ್ಗಿಯಲ್ಲಿ ಅವ್ವ, ಚಿಗವ್ವ ಎಲ್ಲರೂ ಕಣದಲ್ಲಿ ಕೂತು ಕಾಯಿ ಆರಿಸುತ್ತಾರೆ. ಕಡುಗೆಂಪು ಒಂದು ಕಡೆ, ಬಿಳಿಚಿದ್ದು ಇನ್ನೊಂದು ಕಡೆ. ಆ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಲಿಪ್‌ಸ್ಟಿಕ್ಕಿಗೂ ನೇಲ್ ಪಾಲಿಶ್ಶಿಗೂ ಹೋಗುತ್ತದೆ ಎಂಬ ಮಾತು ನಮ್ಮ ಭಾಗದಲ್ಲಿ ಮನೆಮಾತು. ಪತ್ರಿಕೆಗಳಲ್ಲೂ ಎಷ್ಟೋ ಸಲ ಬಂದಿದೆ. ಅವ್ವನಿಗೆ ಆ ಮಾತಿನ ಮೇಲೆ ಅಭಿಮಾನ. ನಾನು ಕೆಂಪು ಹಚ್ಚಿಕೊಂಡು ಹೋದಾಗಲೆಲ್ಲ ಬೆರಳು ಹಿಡಿದು, "ಇದರಾಗ ನಮ್ಮ ಕಾಯಿ ಐತೇನವಾ?" ಎಂದು ಕೇಳುತ್ತಾಳೆ.

ಉತ್ತರ ಹುಡುಕಲು ಸೀಸೆಗಳನ್ನು ತಿರುಗಿಸಿ ಓದಲು ಕೂತೆ. ಪಟ್ಟಿ ಬರೆದಿದ್ದ ಕೆಂಪು ಸೀಸೆಗಳಲ್ಲಿ ಹೆಚ್ಚಾಗಿ ಕಂಡದ್ದು ಸಿಐ 15850 ಎಂಬ ಸಂಖ್ಯೆ. ಅದು ಕಾರ್ಖಾನೆಯ ಕೆಂಪು. ಸಿಐ 77891 ಎಂದರೆ ಬಿಳಿ ಟೈಟಾನಿಯಂ ಡೈಆಕ್ಸೈಡ್. ಸಿಐ 77491 ಕಬ್ಬಿಣದ ಆಕ್ಸೈಡಿನ ಕೆಂಪು, ಕಾವಿಯ ಕೆಂಪು ಅದೇ. ಮೆಣಸಿನಕಾಯಿಯ ಬಣ್ಣ ಬೆಳಕಿಗೂ ಬಿಸಿಗೂ ಮಾಸುವಂಥದು. ಅದಕ್ಕೇ ವ್ಯಾಪಾರಿಗಳು ಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಹೀಗಾಗಿ ಬಿಸಿಲಲ್ಲಿ ದುಡಿಯುವ ಬೆರಳಿಗೆ ಕಾರ್ಖಾನೆಯ ಕೆಂಪೇ ಗಟ್ಟಿ. ಆದರೆ ಇಷ್ಟನ್ನೂ ನಾನು ಹೇಳಬಲ್ಲೆ ಎಂದರೆ ಆ ಸೀಸೆಗಳ ಮೇಲೆ ಪಟ್ಟಿ ಇತ್ತು. ಸಂತೆಯಲ್ಲಿ, ಜಾತ್ರೆಯ ಬಳೆ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ನಮ್ಮ ಹುಡುಗಿಯರು ಕೊಳ್ಳುವ ಅಗ್ಗದ ಸೀಸೆಗಳ ಮೇಲೆ ಒಂದು ಹೂವಿನ ಚಿತ್ರ, ಒಂದು ನಂಬರು, ಅಷ್ಟೇ. ಅವ್ವನ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಕಾನೂನೇ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಅಡಿ 2020ರಲ್ಲಿ ಕೇಂದ್ರ ಸರ್ಕಾರ ಸೌಂದರ್ಯವರ್ಧಕಗಳಿಗೇ ಪ್ರತ್ಯೇಕ ನಿಯಮಾವಳಿ ತಂದಿತು. ಒಳಗೆ ಏನೇನಿದೆ ಎಂಬುದನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಲೇಬಲ್ಲಿನ ಮೇಲೆ ಬರೆಯಬೇಕು ಎಂದು ಅದು ಹೇಳುತ್ತದೆ. ಬೆನ್ನಿಗೇ ಒಂದು ವಿನಾಯಿತಿ: 60 ಮಿಲಿಲೀಟರಿಗಿಂತ ಕಡಿಮೆ ದ್ರವ ಇದ್ದರೆ ಈ ಪಟ್ಟಿ ಬೇಕಿಲ್ಲ. ನೇಲ್ ಪಾಲಿಶ್ ಸೀಸೆ ಹಿಡಿಯುವುದು ಐದು, ಎಂಟು, ಹೆಚ್ಚೆಂದರೆ ಹದಿನೈದು ಮಿಲಿಲೀಟರ್. ಅಂದರೆ ಇಡೀ ಜಾತಿಯೇ ವಿನಾಯಿತಿಯೊಳಗೆ ಬಿತ್ತು. ಹೆಸರುವಾಸಿ ಕಂಪನಿಗಳು ಬರೆಯುತ್ತಿರುವುದು ತಮ್ಮ ಮರ್ಯಾದೆಗೆ ಬರೆಯುತ್ತಿವೆ. ಬರೆಯದವರನ್ನು ಕೇಳಲು ನಮಗೆ ಹಕ್ಕಿಲ್ಲ.

ಸೀಸೆ ಸಣ್ಣದು, ಜಾಗ ಇಲ್ಲ ಎಂಬ ಸಮಜಾಯಿಷಿ ನನಗೆ ಸರಿ ಕಾಣುವುದಿಲ್ಲ. ಎರಡು ಪದರದ ಸ್ಟಿಕ್ಕರ್ ಅಂಟಿಸಿ, ಮೇಲಿನದನ್ನು ಬಿಚ್ಚಿದರೆ ಒಳಗೆ ಪಟ್ಟಿ ಕಾಣುವ ಹಾಗೆ ಮಾಡುವವರು ಈಗಲೂ ಇದ್ದಾರೆ. ಪಟ್ಟಿಯನ್ನು ನಾನು ಕೇಳುತ್ತಿರುವುದು ಕುತೂಹಲಕ್ಕಲ್ಲ. ಬಣ್ಣ ಬಾಗಲೆಂದು ಹಾಕುತ್ತಿದ್ದ ಡೈಬ್ಯುಟೈಲ್ ಥ್ಯಾಲೇಟ್ ಸಂತಾನಶಕ್ತಿಗೆ ಹಾನಿಕರ ಎಂದು ಯುರೋಪಿನವರು ಸೌಂದರ್ಯವರ್ಧಕಗಳಲ್ಲಿ ಅದನ್ನು 2004ರಲ್ಲೇ ನಿಷೇಧಿಸಿದರು. ಹುಬ್ಬಳ್ಳಿಯ ಪಾರ್ಲರುಗಳಲ್ಲಿ ದೀಪದ ಕೆಳಗೆ ಬೆರಳಿಟ್ಟು ಗಟ್ಟಿ ಮಾಡುವ ಜೆಲ್ ಪಾಲಿಶ್ ಈಗ ಮದುವೆಯ ಹುಡುಗಿಯರಿಗೆಲ್ಲ ಬೇಕು. ಅಂಥ ಜೆಲ್ಲಿನಲ್ಲಿ ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪ್ 2025ರ ಸೆಪ್ಟೆಂಬರ್ 1ರಿಂದ ನಿಲ್ಲಿಸಿದೆ. ಅಲ್ಲಿಯ ಹೆಂಗಸಿಗೆ ಬೇಡವೆಂದದ್ದು ನನ್ನ ಅಂಗಡಿಗೆ ಬರುವ ಬಸುರಿ ಹೆಂಗಸಿನ ಬೆರಳ ಮೇಲಿದೆಯೇ? ಪಟ್ಟಿ ಇದ್ದರೆ ಎರಡು ನಿಮಿಷದಲ್ಲಿ ಓದಿ ಹೇಳುತ್ತಿದ್ದೆ.

ಒಮ್ಮೆ ಜಾತ್ರೆಯಲ್ಲಿ ಕೊಂಡ ನೀಲಿ ಬಣ್ಣ ಹಚ್ಚಿದ ಹುಡುಗಿಯೊಬ್ಬಳಿಗೆ ಉಗುರಿನ ಸುತ್ತ ಚರ್ಮ ಕೆಂಪಾಗಿ ತುರಿಕೆ ಎದ್ದಿತು. ಕಣ್ಣುರೆಪ್ಪೆಯೂ ಊದಿತು. ಪಾಲಿಶ್ಶಿನ ಅಲರ್ಜಿ ಬೆರಳಿಗಿಂತ ರೆಪ್ಪೆಯಲ್ಲಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ನಾವು ಕಣ್ಣು ಉಜ್ಜುವುದು ಬೆರಳಿನಿಂದಲೇ ಅಲ್ಲವೇ. ಒಳಗಿನ ರಾಳ ಯಾವುದೆಂದು ಗೊತ್ತಿದ್ದರೆ ಅವಳು ಮುಂದೆ ಆ ಒಂದನ್ನು ಬಿಟ್ಟು ಉಳಿದ ಬಣ್ಣ ಹಚ್ಚಬಹುದಿತ್ತು. ಗೊತ್ತಿಲ್ಲದ್ದರಿಂದ ಮನೆಯವರು ಬಣ್ಣವನ್ನೇ ಬಿಡಿಸಿದರು.

ಇನ್ನೊಂದು ದೂರು, ಇದು ಕಂಪನಿಗಳ ಮೇಲೆ. ಮಾರುಕಟ್ಟೆಗೆ ಬರುವ ತಿಳಿಬಣ್ಣಗಳಲ್ಲಿ ಬಿಳಿ ಪುಡಿಯದೇ ಪಾಲು ಹೆಚ್ಚು. ಬಿಸಿಲುಂಡ ನಮ್ಮ ಕೈಮೇಲೆ ಅವು ಸುಣ್ಣ ಬಳಿದಂತೆ ಬೂದು ಕಾಣುತ್ತವೆ. ಚರ್ಮದ ಬಣ್ಣ ಎಂದು ಮಾರುವುದು ಯಾರ ಚರ್ಮದ ಬಣ್ಣವೋ. ನಮ್ಮ ಕೈಗೆ ಒಪ್ಪುವವು ಇಳಕಲ್ ಸೀರೆಯ ಬಣ್ಣಗಳು: ದಾಳಿಂಬೆ ಕೆಂಪು, ಗಿಣಿ ಹಸಿರು, ನವಿಲು ನೀಲಿ. ನನ್ನ ನೋಟ್‌ಬುಕ್ಕಿನಲ್ಲಿ ಹೆಚ್ಚು ಅಂಕ ಪಡೆದದ್ದು ಕಪ್ಪಿನಂಚಿಗೆ ತಿರುಗಿದ ದಾಳಿಂಬೆ ಕೆಂಪು. ಕೆಳಗೆ ಬಣ್ಣವಿಲ್ಲದ ಬೇಸ್ ಕೋಟ್ ಹಚ್ಚದಿದ್ದರೆ ಅದು ಉಗುರಿಗೆ ಹಳದಿ ಕಲೆ ಬಿಡುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಬರೆದಿದ್ದೇನೆ. ನವಿಲು ನೀಲಿ ಚೆಲುವಾದರೂ, ದವಾಖಾನೆಗೆ ಹೋಗುವ ದಿನ ಒಂದು ಬೆರಳಿನದ್ದಾದರೂ ತೆಗೆದು ಹೋಗಿ. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರದ ಬೆಳಕಿಗೆ ಗಾಢ ನೀಲಿ, ಕಪ್ಪು ಅಡ್ಡ ಬರುತ್ತವೆ.

ನವಲಗುಂದದ ನನ್ನ ಗೆಳತಿಗೆ ಮದರಂಗಿಯೇ ಹಿತ. ನಮಾಜಿನ ಮೊದಲು ಕೈತೊಳೆಯುವಾಗ ನೀರು ಉಗುರಿಗೆ ಮುಟ್ಟಬೇಕು, ಪಾಲಿಶ್ ಅದನ್ನು ತಡೆಯುತ್ತದೆ, ಮದರಂಗಿ ತಡೆಯುವುದಿಲ್ಲ ಎನ್ನುತ್ತಾಳೆ. ಆದರೂ ಸಂತೆಯ ಮದರಂಗಿ ಕೋನ್ ಕೊಳ್ಳುವಾಗ ಅವಳೂ ಕೇಳುವುದು ಇದನ್ನೇ: ಒಳಗೆ ಎಲೆಯ ಪುಡಿಯೋ, ಮತ್ತೇನಾದರೂ ಇದೆಯೋ?

ಅಂಗಡಿಗೆ ಹೋದಾಗ ಮುಚ್ಚಳದ ಬಣ್ಣ ನೋಡುವ ಮೊದಲು ಸೀಸೆ ತಿರುಗಿಸಿ. ತಯಾರಿಸಿದವರ ಹೆಸರು, ಊರು, ಲೈಸೆನ್ಸ್ ಸಂಖ್ಯೆ, ಯಾವ ತಿಂಗಳವರೆಗೆ ಬಳಸಬಹುದು ಎಂಬುದು ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ, ಯಾಕೆ ಇಟ್ಟಿರಿ ಎಂದು ಅಂಗಡಿಯವರಿಗೆ ಹೇಳಿ ಬನ್ನಿ. ಹಚ್ಚಿದ ಬಣ್ಣದ ಬಗ್ಗೆ ನಾಲ್ಕು ಸಾಲು ಬರೆದಿಡಿ, ಪಕ್ಕದ ಮನೆಯವರಿಗೆ ತೋರಿಸಿ. ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ನನ್ನ ಬೇಡಿಕೆ ಒಂದೇ: 60 ಮಿಲಿಲೀಟರಿನ ವಿನಾಯಿತಿಯಿಂದ ಉಗುರುಬಣ್ಣವನ್ನು ಹೊರಗಿಡಿ. ಹತ್ತು ರೂಪಾಯಿಯ ಸೀಸೆಯಾದರೂ ಒಳಗೇನಿದೆ ಎಂದು ಬರೆದೇ ಮಾರಬೇಕು.