ಕಟ್ಟುಕಥೆಗೂ ಒಂದು ಲೆಕ್ಕವಿದೆ

ಅದ್ಭುತ ಕಥೆ, ವಿಜ್ಞಾನ ಕಾದಂಬರಿ ಮಕ್ಕಳ ಕೈಯಲ್ಲಿ ಕಂಡರೆ "ಸುಳ್ಳು ಓದಿ ಕಾಲಹರಣ" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಸತ್ಯವ್ರತವನ್ನು ಗೌರವಿಸುವ ಮನೆಗಳಲ್ಲಿ ಈ ಆತಂಕ ಸಹಜವೇ. ಆದರೆ ನಂಬಿಸಿ ಮೋಸ ಮಾಡುವುದು ಸುಳ್ಳು. ಕಥೆಯೆಂದು ತಿಳಿಸಿಯೇ ಹೇಳುವುದು ಸುಳ್ಳಲ್ಲ.

ಜನ್ನ ಕವಿಯ 'ಯಶೋಧರ ಚರಿತೆ' (1209) ನೋಡಿ. ಹಿಟ್ಟಿನ ಕೋಳಿ ಕೂಗುತ್ತದೆ; ಅದನ್ನು ಬಲಿಗೊಟ್ಟ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಅದ್ಭುತವೇ ಸರಿ, ಆದರೆ ಸಂಕಲ್ಪಹಿಂಸೆಯ ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಇಂಗ್ಲಿಷಿನ ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ಅದೃಶ್ಯ ಮನುಷ್ಯನ ಕಾದಂಬರಿಯೂ ಹಾಗೆಯೇ. ಕಣ್ಮರೆಯಾಗಬೇಕೆಂದರೆ ಅವನು ಚಳಿಯಲ್ಲಿ ಬೆತ್ತಲೆ ತಿರುಗಬೇಕು. ಉಂಡ ಅನ್ನ ಜೀರ್ಣವಾಗುವ ತನಕ ಹೊಟ್ಟೆಯಲ್ಲಿ ಕಾಣುತ್ತದೆ. ಪಡೆದ ಶಕ್ತಿಗೆ ತಕ್ಕ ಖರ್ಚು ಬರೆದಿದೆ.

ಮಂತ್ರ ಹೇಳಿದೊಡನೆ ನಾಯಕ ಗೆಲ್ಲುವ ಕಾದಂಬರಿಗಳೂ ಉಂಟು. ಅವು ಬರೀ ಜಮೆಯಿದ್ದು ಖರ್ಚೇ ಇಲ್ಲದ ಖಾತೆಪುಸ್ತಕ. ಅದನ್ನು ಯಾವ ವರ್ತಕ ನಂಬಿಯಾನು?

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇದೆ. ಹಾರುವ ಓತಿಯನ್ನು ಹುಡುಕಲು ವಿಜ್ಞಾನಿಗೂ ಹಳ್ಳಿಯ ಮಂದಣ್ಣನ ಕಣ್ಣೇ ಬೇಕಾಗುತ್ತದೆ. ಮನೆಮಂದಿಯೆಲ್ಲ ಓದಬಹುದಾದ ಪುಸ್ತಕ.

ಕಂಬದೂರಿನಂಥ ಗಡಿಯ ಊರಿನಲ್ಲಿ ಇನ್ನೊಂದು ಮಾತೂ ಇದೆ. ಶಾಲೆಯಲ್ಲಿ ತೆಲುಗು ಓದಿ ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡ ಅಕ್ಷರದ ಮೇಲೆ ಆಸೆ ಹುಟ್ಟಿಸುವುದು ಕುತೂಹಲದ ಕಥೆಯೇ. ಅದನ್ನೂ ಕಸಿದರೆ ಮಾತು ಉಳಿದೀತು, ಓದು ಹೋದೀತು. ಆಮೇಲೆ ಜನ್ನನನ್ನು ಓದುವವರು ಯಾರು? ಪುಸ್ತಕ ಕಸಿಯಬೇಡಿ, ಓದಿ ಮುಗಿಸಿದ ಮೇಲೆ "ಇದರಲ್ಲಿ ಲೆಕ್ಕ ಸರಿಯಿದೆಯೇ?" ಎಂದು ಕೇಳಿ.